ಇಪ್ಪತ್ತೇಳನೆಯ ಸಾಲು

ಸಂಜೆ ನಾಲ್ಕಕ್ಕೆ ಗಾರ್ಟ್ ಊರಿನ ಶಾಲೆ ಖಾಲಿ.
ಹದಿನಾಲ್ಕನೇ ಕೋಣೆಯ ಬೀಗ ತೆಗೆದರೆ ನೆಲದ ತುಂಬ ಕಾಗದ,
ಕೋಳಿಯ ಪುಕ್ಕ ಕಿತ್ತ ಅಂಗಳದ ಹಾಗೆ.
ಬೋರ್ಡಿನ ಮೇಲೆ ಮಿಸ್ ಹೆನಗನ್ ಕೈಬರಹ:
ದಯವಿಟ್ಟು ಗುಡಿಸಬೇಡಿ ಜಾರ್ಲತ್, ಇದು ಕಾದಂಬರಿ.

ಮೂವತ್ತೆಂಟು ವರ್ಷ ಗುಡಿಸಿದ್ದೇನೆ ಇಲ್ಲಿ.
ಪೆನ್ಸಿಲ್ ಚೂರು, ಚೂಯಿಂಗ್ ಗಮ್, ಮುರಿದ ಸ್ಕೇಲು,
ಒಮ್ಮೆ ಯಾವನೋ ಮೇಷ್ಟರ ಕಟ್ಟುಹಲ್ಲು.
ಕಾದಂಬರಿ ಗುಡಿಸಿದ್ದಿಲ್ಲ.

ಮೊದಲ ವಾರ ಅವಳು ಮಕ್ಕಳಿಗೆ ಅಂದಳಂತೆ:
ಐದು ವರ್ಷದ ಕೂಸಿಗೆ ಗೊತ್ತಿರುವಷ್ಟೇ ಮಾತಿನಲ್ಲಿ
ನಿಮ್ಮ ಅಡುಗೆಮನೆಯನ್ನು ಬರೆಯಿರಿ.
ಗೋಡೆಯ ಮೇಲೆ ಈಗಲೂ ಇದೆ ಒಂದು:
ಬಿಸಿ. ಅಮ್ಮನ ಮಂಡಿ. ಮೇಲೆಲ್ಲೋ ದೊಡ್ಡವರ ಸದ್ದು.
ಬರೆದವನು ಆರಡಿಯ ಟೀರ್ನನ್,
ಹರ್ಲಿಂಗ್ ಆಡಿ ಎರಡು ಸಲ ನನ್ನ ಕಿಟಕಿ ಒಡೆದವನು.

ಆಮೇಲೆ ಉಣ್ಣೆಯ ದಾರ.
ಪುಸ್ತಕದಲ್ಲಿ ಹನ್ನೊಂದು ಪುಟ ಒಂದೇ ವಾಕ್ಯವಂತೆ,
ಕಾಲುವೆಯ ದಂಡೆಯಲ್ಲಿ ಹುಡುಗನೊಬ್ಬ
ಮನೆಗೆ ಹೋಗಲೊಲ್ಲದೆ ನಡೆಯುತ್ತಾನಂತೆ, ಅಷ್ಟೇ ಕತೆ.
ಅದರ ಉದ್ದಕ್ಕೆ ದಾರ ಎಳೆದರು, ಅಲ್ಪವಿರಾಮಕ್ಕೊಂದು ಗಂಟು,
ಕಿಟಕಿಯ ಚಿಲಕದಿಂದ ಹೀಟರಿಗೆ, ಹೀಟರಿನಿಂದ ನಕ್ಷೆಯ ಮೊಳೆಗೆ,
ಬಾಗಿಲು ದಾಟಿ ಕಾರಿಡಾರಿನಲ್ಲಿ ನನ್ನ ಬಕೆಟ್ಟಿನ ಹಿಡಿಗೆ.
ನಾನು ಒಂದು ಹೆಜ್ಜೆ ಇಟ್ಟರೆ
ಒಳಗೆ ವಾಕ್ಯ ಅಲುಗುತ್ತಿತ್ತು.

ಸುಮ್ಮನೆ ಕೂರುವ ದಿನವೂ ಇತ್ತು. ನಾಲ್ಕು ನಿಮಿಷ,
ತಲೆಯಲ್ಲಿ ಹಾದದ್ದನ್ನು ಹಾದ ಹಾಗೇ ಬರೆಯುವುದು.
ಲಿಂಡೊಮಾರ್, ಅಪ್ಪನ ಮಾಂಸದ ಕಾರ್ಖಾನೆಯ ಕೆಲಸಕ್ಕಾಗಿ
ಬ್ರೆಜಿಲ್‌ನಿಂದ ಬಂದ ಹುಡುಗ,
ಎರಡೂ ಮಗ್ಗುಲು ಪೋರ್ಚುಗೀಸಿನಲ್ಲಿ ತುಂಬಿಸಿ ಕೊಟ್ಟ.
ಅವಳಿಗೊಂದಕ್ಷರ ಅರ್ಥವಾಗಲಿಲ್ಲ.
ಗೋಡೆಯ ನಟ್ಟನಡುವೆ ಅಂಟಿಸಿದಳು.

ಇವತ್ತು ಕತ್ತರಿ.
ಆ ಹನ್ನೊಂದು ಪುಟವನ್ನು ಸಾಲುಸಾಲಾಗಿ ಸೀಳಿ ಹರಡಿದ್ದಾರೆ;
ನಾಳೆ ತೋಚಿದ ಹಾಗೆ ಜೋಡಿಸುವರಂತೆ.

ಪೊರಕೆಯನ್ನು ಗೋಡೆಗೊರಗಿಸಿ ಮಂಡಿಯೂರಿದೆ.
ಹಿಂದೆ ಹೀಗೆ ಊರಿದ್ದು ಹೆಂಡತಿಯ ಮಣ್ಣಿನ ದಿನ.
ಹದಿನೈದಕ್ಕೆ ಶಾಲೆ ಬಿಟ್ಟವನು; ಜೌಗುನೆಲದಲ್ಲಿ
ಅಪ್ಪ ಕೊಯ್ದ ಕಪ್ಪುಮಣ್ಣಿನ ಇಟ್ಟಿಗೆ ಒಣಗಲು ಪೇರಿಸಿದವನು.
ನನಗೆ ಓದೆಂದರೆ ಪೇಪರಿನ ಎರಡು ಪಟ್ಟಿ,
ಸತ್ತವರದು, ರೇಸಿನ ಕುದುರೆಗಳದು.
ಬೆರಳಿಟ್ಟು ಒಂದೊಂದೇ ಎತ್ತಿ ಓದಿದೆ.
ಒಂದು ದೋಣಿ. ದೋಣಿಯಲ್ಲಿ ಯಾರದೋ ಬೂಟು.
ಹೆಸರಿಲ್ಲದ ಹುಡುಗಿ. ಒಂದು ಚೂರಿನಲ್ಲಿ ಬರೀ ಮತ್ತು.
ಕೊನೆಗೆ ಅಲಮಾರಿಯ ಕೆಳಗೆ, ಧೂಳಿನಲ್ಲಿ, ಇದು:

ಅಪ್ಪ ಕೂಗಿದ, ಕೇಳಿಸಿತು, ನಾನು ಓಗೊಡಲಿಲ್ಲ,

ಹಾಗೂ ಮಾಡಬಹುದಿತ್ತು ಅಂತ ಯಾರೂ ಹೇಳಿರಲಿಲ್ಲ.
ಜೇಬಿಗಿಳಿಸಿದೆ. ಕಳವು ಅಂದರೆ ಕಳವೇ.

ಮರುದಿನ ಬಲ್ಬು ಬದಲಿಸುವ ನೆಪದಲ್ಲಿ ಏಣಿಯ ಮೇಲಿದ್ದೆ.
ಎಲ್ಲ ಕೂಡಿಸಿದರೂ ದಾರದ ಗಂಟೊಂದಕ್ಕೆ ಸಾಲಿಲ್ಲ. ಗದ್ದಲ.
ಯಾರೂ ಪುಸ್ತಕ ತೆರೆಯಬೇಡಿ, ಅಂದಳು ಮಿಸ್ ಹೆನಗನ್,
ಏಣಿಯ ಕಡೆ ನೋಡಿದಳೋ, ಬಲ್ಬಿನ ಕಡೆಯೋ,
ಆ ತೂತಿಗೆ ನಿಮ್ಮ ನಿಮ್ಮ ಸಾಲು ಬರೆಯಿರಿ.

ಶುಕ್ರವಾರ ಗೋಡೆಯ ಮೇಲೆ ಇಪ್ಪತ್ತಾರು.
ಸೈವ್ ಬರೆದದ್ದು: ನಾಯಿ ನನಗಿಂತ ಮೊದಲು ಮನೆ ಸೇರಿತು.
ಟೀರ್ನನ್: ಬೂಟು ನನ್ನದೇ ಅಂತ ಹೇಳಲಿಲ್ಲ.
ಲಿಂಡೊಮಾರ್ ಎರಡು ಭಾಷೆಯಲ್ಲಿ ಬರೆದು
ಎರಡನ್ನೂ ಹೊಡೆದುಹಾಕಿದ್ದಾನೆ, ಓದಬರುವಷ್ಟು ಮೆತ್ತಗೆ.

ನಾಲ್ಕೂವರೆ. ಪೆನ್ಸಿಲು ಕಿವಿಯ ಸಂದಿಯಲ್ಲೇ ಇತ್ತು.
ಗೋಡೆಯ ಬುಡದಲ್ಲಿ, ಮಾಪು ತಾಗುವ ಎತ್ತರದಲ್ಲಿ:
ಅಪ್ಪ ಕೂಗಿದ, ಬಂದೆ ಅಂದೆ, ಐವತ್ತು ವರ್ಷ,
ಇನ್ನೂ ಬರುತ್ತಲೇ ಇದ್ದೇನೆ,

ಕಾಗುಣಿತ ತಪ್ಪಿರಬಹುದು.
ಸೋಮವಾರ ಅವಳೇ ನೋಡಿಕೊಳ್ಳಲಿ.