ಮೊಳಕೈತನಕ

ಕಲಬುರಗಿ ಸೂಪರ್ ಮಾರ್ಕೆಟ್, ಮಾಳಿಗಿ ಮ್ಯಾಲಿನ ಅಂಗಡಿ.
ಬಿಸಿಲಿಗಿ ಷಟರ್ ಅರ್ಧ ಇಳಿಸಿ
ನಾಕು ಸ್ವಿಚ್ಚು ಸಾಲಾಗಿ ಇಟ್ಟೆ:
ಕೆಂಪು, ಕಂದು, ನೀಲಿ,
ಹೆಸರಿಲ್ಲದ್ದೊಂದು ಮಜ್ಜಿಗಿ ಬಣ್ಣದ್ದು.

ಗಿರಾಕಿಗಿ ನಾ ಹೇಳೋದೆಲ್ಲ ಸಪ್ಪಳದ ಮಾತು.
ಇದು ಹನಿ ಬಿದ್ದಂಗ,
ಇದು ಒಣ ತೊಗರಿ ತಗಡಿನ ಮ್ಯಾಲ ಸುರುವಿದಂಗ.

ಜಗದೇವಿಗಿ ಕಿವಿ ಕೇಳಂಗಿಲ್ಲ, ಹುಟ್ಟಿನಿಂದ.
ಕೋರ್ಟಿನ ಮುಂದ ಅರ್ಜಿ ಟೈಪ್ ಮಾಡ್ತಾಳ.
ಚೀಟಿ ಬರದು ಮುಂದ ಸರಿಸಿದಳು:
'ಅಕ್ಷರ ಬಿತ್ತೋ ಇಲ್ಲೋ
ಬೆರಳಿಗೇ ತಿಳೀಬೇಕು. ಪರದಿ ನೋಡ್ಲಾಕ ಪುರಸೊತ್ತಿಲ್ಲ.'

ಕೆಂಪು ಒತ್ತಿದಳು. ತುಪ್ಪದಾಗ ಜಾರಿದಂಗ,
ತಳ ಸಿಗೋತನಕ ಸುದ್ದೇ ಇಲ್ಲ.
ಮಜ್ಜಿಗಿ ಬಣ್ಣದ್ದೂ ಅದರ ತಮ್ಮನೇ.
ಕಂದಿಗಿ ನಡುವ ಸಣ್ಣದೊಂದು ಹೊಸ್ತಿಲ;
ಎಡವಿದೆನೋ ಇಲ್ಲೋ ಅನಸ್ತದ.
ನೀಲಿ ಕೈಗಿ ತಗೊಂಡಳು.
'ಅಕ್ಕಾ, ಇದು ಭಾಳ ಗದ್ಲ' ಅಂದೆ.
ಅಂದ ಮ್ಯಾಲ ನಾಲಿಗಿ ಕಚ್ಚಿಕೊಂಡೆ.
ತುಟಿ ಓದ್ಯಾಳ. ನಕ್ಕಳು.
ಅದೇ ಚೀಟಿಯ ಹಿಂದ:
'ಗದ್ಲ ನಿಮಗ. ನನಗ ಅದು ಮೊಳಕೈತನಕ ಬರ್ತದ.'

ಎಂಬತ್ತೇಳು ನೀಲಿ ಸ್ವಿಚ್ಚು, ಎರಡು ರಾತ್ರಿ ಬೆಸುಗಿ.
ಸ್ಪೇಸ್ ಬಾರ್ ಗಡಗಡ ಅಂತಿತ್ತು,
ಗ್ರೀಸ್ ಹಚ್ಚಲಿಕ್ಕೆ ಹೋದ ನನ್ನ ಕೈ ಹಿಡದಳು.
ಬಿಡು, ಅಂತ ಕಣ್ಣಾಗ.
ಶಹಾಬಾದ್ ಪರಸಿ ಮ್ಯಾಲಿಟ್ಟು ಒತ್ತಿ ಮುಖ ಕಿವಚಿದಳು,
ಕಲ್ಲು ಎಲ್ಲಾ ನುಂಗ್ತದ.
ಕೆಳಗ ಹಲಗಿ ಸರಿಸಿದೆ. ಈಗ ಬಂತು.
ಕಣ್ಣು ಮುಚ್ಚಿ ಒಂದು ಪೂರಾ ಅರ್ಜಿ ಹೊಡದಳು:
ಮಾನ್ಯರೇ, ಈ ಮೂಲಕ...

ಆಕಿ ಹೋದ ಮ್ಯಾಲ ಫ್ಯಾನ್ ಆರಿಸಿ
ಕಿವಿಗಿ ಅರಳಿ ತುರುಕಿ
ಉಳದೊಂದು ನೀಲಿ ಒತ್ತಿ ನೋಡಿದೆ.
ಮಣಿಕಟ್ಟಿಗಿ ಬಂದು ನಿಂತಿತು.
ಮುಂದ ಬರಲಿಲ್ಲ.