ಕೊಸರು

ಲಿಮಾದ ಆಕಾಶಕ್ಕೆ ಜುಲೈನಲ್ಲಿ ಬಣ್ಣವಿಲ್ಲ.
ಮಳೆಯೂ ಅಲ್ಲದ, ಮಂಜೂ ಅಲ್ಲದ ಒಂದು ಒದ್ದೆ
ಕೋಟಿನ ತೋಳಿಗೆ ಅಂಟಿಕೊಂಡೇ ಮೆಟ್ಟಿಲಿಳಿದು ಬರುತ್ತದೆ
ನೆಲಮಾಳಿಗೆಯ ನೂರಹದಿನಾಲ್ಕನೇ ಅಂಗಡಿಗೆ.
ನಾನು ವಿಲ್ಮರ್ ಹುವಾರ್ಕಾಯಾ. ವಿಡಿಯೋ ಗೇಮ್ ಮಾರುತ್ತೇನೆ.
ಇಲ್ಲಿ ನಾಣ್ಯದ ಹೆಸರು ಸೋಲು.
ಗೆಲ್ಲುವ ಆಟಗಳನ್ನು ಸೋಲು ಎಣಿಸಿಕೊಂಡು ಕೊಡುತ್ತೇನೆ,
ನಾನು ಆಡುವುದಿಲ್ಲ,
ಮಿಠಾಯಿಯವನಿಗೆ ಸಕ್ಕರೆ ಕಾಯಿಲೆ ಇದ್ದ ಹಾಗೆ.

ಎಡೆಲ್ಮೀರಾ ಬಂದಳು, ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ,
ಸೋಪಿನ ವಾಸನೆಯ ಕೈಯಲ್ಲಿ ಎರಡನೇ ಭಾಗದ ಡಬ್ಬಿ.
ಗಾಜಿನ ಮೇಲೆ ಕುಕ್ಕಿದಳು.
"ಇನ್ನೂರ ಎಪ್ಪತ್ತೊಂಬತ್ತು ಸೋಲು ತಗೊಂಡೆಯಲ್ಲ ವಿಲ್ಮರ್,
ಏನು ಕೊಟ್ಟೆ?
ಅದೇ ನದಿ. ಅದೇ ಕಲ್ಲುಸೇತುವೆ.
ಸೇತುವೆಯ ಎಡಗಡೆ ಮೂರನೇ ದೀಪ
ಮೊದಲ ಭಾಗದಲ್ಲೂ ಆರಿತ್ತು, ಈಗಲೂ ಆರಿದೆ.
ಆರು ವರ್ಷದಲ್ಲಿ ಒಂದು ಬಲ್ಬು ಹಾಕುವ ಗಂಡಸು ಹುಟ್ಟಲಿಲ್ಲವೇ?
ಕಾವಲುಗಾರ ಅದೇ ಕೆಮ್ಮು ಕೆಮ್ಮುತ್ತಾನೆ,
ಕೆಮ್ಮಿ ಅದೇ ಕಡೆ ಉಗಿಯುತ್ತಾನೆ.
ಹೀರೋಗೆ ಗಡ್ಡ ಬಂದಿದೆ, ಅಷ್ಟೇ.
ಹೊಸದೆಂದರೆ ನದಿಯಾಚೆ ಒಂದು ದ್ವೀಪ,
ಒಂಬತ್ತು ಗಂಟೆಯಲ್ಲಿ ಮುಗಿಯಿತು.
ದ್ವೀಪವೊಂದನ್ನೇ ಅರವತ್ತಕ್ಕೆ ಮಾರಬಹುದಿತ್ತು.
ಹಳೇ ಪಾತ್ರೆಗೆ ಕಲಾಯಿ ಹಾಕಿ
ಹೊಸ ಪಾತ್ರೆಯ ದುಡ್ಡು ಕಿತ್ತರು."

ಏನು ಹೇಳಲಿ?
ನನ್ನ ಬೆನ್ನ ಹಿಂದೆ ಕಪಾಟಿನಲ್ಲಿ ಮೊದಲ ಭಾಗ ಕೂತಿತ್ತು, ಅವಳದ್ದೇ.
ಎರಡನೆಯದಕ್ಕೆ ದುಡ್ಡು ಸಾಲದೆ
ನಲವತ್ತು ಸೋಲಿಗೆ ನನಗೇ ಮಾರಿದ್ದಳು.

ಹಿಂದಿನ ಬೀದಿಯಲ್ಲಿ ನಮ್ಮಮ್ಮ ಆಲೂಗಡ್ಡೆ ಮಾರುತ್ತಾಳೆ,
ಹಳದಿ, ನೇರಳೆ, ಗಂಟುಗಂಟಾದ ಕರಿಯವು.
ತೂಗಿ, ಚೀಲಕ್ಕೆ ಸುರಿದು, ದುಡ್ಡು ಸೊಂಟ ಸೇರಿದ ಮೇಲೆ
ಕೈ ಮತ್ತೆ ರಾಶಿಗೆ ಹೋಗುತ್ತದೆ, ತನ್ನಷ್ಟಕ್ಕೆ,
ಎರಡು ಗಡ್ಡೆ ಮೇಲಕ್ಕೆ ಹಾಕುತ್ತದೆ.
ಯಾಪಾ, ಅನ್ನುತ್ತಾಳೆ. ಕೊಸರು.
ಒಮ್ಮೆ ಸೂಟು ತೊಟ್ಟವನೊಬ್ಬ ಕೇಳಿದ:
"ಕೊಸರನ್ನೇ ಒಂದು ಕಿಲೋ ಕೊಡಮ್ಮ, ಬೆಲೆ ಹೇಳು."
ಅಮ್ಮ ನಗಲಿಲ್ಲ.
"ತೂಗಿದರೆ ಅದು ಕೊಸರಲ್ಲ ಮಗಾ,
ಆಲೂಗಡ್ಡೆ."

ಇದನ್ನು ಎಡೆಲ್ಮೀರಾಗೆ ಹೇಳಿದೆ.
ಕಂಪನಿಯವರು ಮಾಡಿದ್ದು ಇಷ್ಟೇ ಅಂದೆ,
ಕೊಸರನ್ನು ತಕ್ಕಡಿಗೆ ಹಾಕಿದರು.
ಒಪ್ಪುತ್ತಾಳೆ ಅಂದುಕೊಂಡೆ.

ಒಪ್ಪಲಿಲ್ಲ. ಉಗುರಿನಿಂದ ಡಬ್ಬಿಯ ಮೂಲೆ ಕೆರೆದಳು, ಬಹಳ ಹೊತ್ತು.
"ದೋಣಿಯವನೊಬ್ಬನಿದ್ದಾನೆ.
ಮೊದಲ ಭಾಗದಲ್ಲಿ ಅವನಿಗೊಂದು ಕಂಬಳಿ ಕೊಟ್ಟಿದ್ದೆ,
ಕೊಡಲೇಬೇಕೆಂದಿರಲಿಲ್ಲ, ಅಂಕವೂ ಬರಲಿಲ್ಲ.
ಈಗ ದ್ವೀಪಕ್ಕೆ ಹೋಗಲು ದೋಣಿ ಹತ್ತಿದೆ. ಮುಖ ನೋಡಿದ.
ಅವನ ಹೆಗಲ ಮೇಲೆ ಅದೇ ಕಂಬಳಿ, ಅಂಚು ಸವೆದಿತ್ತು.
'ನೀನಾ? ನಿನ್ನ ದುಡ್ಡು ಬೇಡ, ಕೂರು' ಅಂದ.

ನಮ್ಮ ವಾರ್ಡಿನಿಂದ ಗುಣವಾಗಿ ಹೋದವರು
ಬಸ್ಸಿನಲ್ಲಿ ಸಿಕ್ಕರೆ ಗುರುತು ಹಿಡಿಯುವುದಿಲ್ಲ ವಿಲ್ಮರ್.
ಮಾಸ್ಕಿಲ್ಲದ ನನ್ನ ಮುಖ ಅವರಿಗೆ ಹೊಸದು."

"ಹಾಗಾದರೆ ಬೆಲೆ ಸರಿ ತಾನೆ?"
"ಸರಿ ಎಲ್ಲಿಂದ! ಸುಲಿಗೆ!
ಒಂದು ಮಾತಿಗೆ ಇನ್ನೂರ ಎಪ್ಪತ್ತೊಂಬತ್ತು.
ಆ ಮಾತು ಬರೆದವನಿಗೆ ಅದರಲ್ಲಿ ಎಷ್ಟು ಸಿಕ್ಕಿತೋ."

ವಾಪಸು ಕೊಡಲು ಬಂದವಳು ಕೊಡಲಿಲ್ಲ.
ಚೀಲಕ್ಕೆ ಹಾಕಿ ಜಿಪ್ಪೆಳೆಯುವಷ್ಟರಲ್ಲಿ
ನನ್ನ ಕೈ ಕಪಾಟಿಗೆ ಹೋಗಿತ್ತು, ತನ್ನಷ್ಟಕ್ಕೆ.
ಮೊದಲ ಭಾಗವನ್ನು ಮೇಲಕ್ಕೆ ಹಾಕಿದೆ.

ಸಂಜೆ ಲೆಕ್ಕದ ಪುಸ್ತಕ ತೆರೆದು
ನಲವತ್ತು ಸೋಲನ್ನು ಯಾವ ಕಾಲಮ್ಮಿಗೆ ಬರೆಯುವುದೆಂದು ತಿಳಿಯದೆ
ಪೆನ್ನಿನ ಮುಚ್ಚಳ ಕಚ್ಚಿ ಕೂತೆ.
ತಲೆಯ ಮೇಲೆ ಟ್ಯೂಬ್‌ಲೈಟು ಮಿಣುಕುತ್ತಿತ್ತು.
ಅದನ್ನೂ ಬದಲಿಸಿಲ್ಲ ನಾನು,
ಎರಡು ವರ್ಷವಾಯಿತು.