ಎಡಚಿಯ ಸ್ಕೂಟರ್

ವೈಯಾಲಾದ ಡೈವಿಂಗ್ ಅಂಗಡಿಯಲ್ಲಿ ಮೂರಿದ್ದವು.
ಒಂದು ಹೊಸತು, ಟಾರ್ಪಿಡೋ ಹಾಗೆ ಸೊಕ್ಕಿನದು;
ಇನ್ನೊಂದು ಅಗ್ಗ, ಅರ್ಧ ಗಂಟೆಗೇ ಉಸ್ಸೆನ್ನುವ ಬ್ಯಾಟರಿ.
ಮೂರನೆಯದರ ಮೂತಿಗೆ ಗೀರು, ಹೊಟ್ಟೆಯ ಮೇಲೆ
ಮೊಳೆಯಲ್ಲಿ ಕೆತ್ತಿದ ಹೆಸರು: ಡೆಸ್.
"ಅವನಿಗೆ ಮಂಡಿ ಹೋಯಿತು, ಈಗ ದೋಣಿಯಲ್ಲೇ ಕೂರುತ್ತಾನೆ"
ಅಂದಳು ಬ್ರಾನ್‌ವಿನ್. ಚೌಕಾಸಿ ಮಾಡದೆ ಅದನ್ನೇ ಹೊತ್ತು ತಂದೆ.

ಡೆಸ್ ಆರಡಿಯವನಿರಬೇಕು.
ಎಳೆಹಗ್ಗ ನನ್ನ ತೋಳಿಗೆ ಒಂದು ಗೇಣು ಹೆಚ್ಚು.
ಕತ್ತರಿಸಲು ಮನಸ್ಸಾಗದೆ ಗಂಟು ಹಾಕಿದೆ.
ಸ್ನಾನದ ತೊಟ್ಟಿಯಲ್ಲಿ ಸೀಸ ಕಟ್ಟಿ, ಬಿಚ್ಚಿ, ಕಟ್ಟಿ
ಮುಳುಗದ ತೇಲದ ಹದ ಹಿಡಿದಾಗ ರಾತ್ರಿ ಒಂದು.
ಬೆಳಿಗ್ಗೆ ಕಡಲಿಗಿಳಿಸಿದರೆ ಪುಸಕ್ಕನೆ ಮೇಲೆ ಬಂತು.
ಉಪ್ಪಿನ ಲೆಕ್ಕ ಮರೆತಿದ್ದೆ,
ಮಲ್ಪೆಯಲ್ಲಿ ಹುಟ್ಟಿದವಳು!
ಇನ್ನೆರಡು ಚೂರು ಸೀಸ, ಒಂದು ಬೈಗುಳ.

ಗುಂಡಿ ಮಾತ್ರ ಎಡಕ್ಕೆ ಬೇಕೆಂದೆ.
ಎಡಗೈಯಲ್ಲಿ ಉಣ್ಣುತ್ತೀಯಾ ಎಂದು
ದೊಡ್ಡಮ್ಮನ ಸೌಟು ಗೆಣ್ಣಿಗೆ ಬಡಿದದ್ದು
ಬ್ರಾನ್‌ವಿನ್‌ಗೆ ಹೇಳಲಿಲ್ಲ. ಅವಳೂ ಕೇಳಲಿಲ್ಲ,
ಸ್ಕ್ರೂ ತಿರುಗಿಸಿದಳು, ಅಷ್ಟೆ.

ಜೂನ್. ಹಲ್ಲು ಕಟಕಟಿಸುವ ನೀರು.
ದೂರಕ್ಕೂ ಕಾಣಲೆಂದು ಮೂತಿಗೆ ಹಳದಿ ಟೇಪು ಸುತ್ತಿದ್ದೆ.
ಕಲ್ಲಿನ ಸಂದಿಯಿಂದ ಕಪ್ಪೆಬೊಂಡಾಸವೊಂದು ಹೊರಟು
ನೇರಳೆಯಾಗಿ, ಹಸಿರಾಗಿ, ಮೈಯೆಲ್ಲ ಪಟ್ಟೆ ಹರಿದಾಡಿ
ಸವಾಲು ಹಾಕಿತು ನನ್ನ ಒಂದೇ ಬಣ್ಣದ ಟೇಪಿಗೆ.
ಮೋಟಾರು ನಿಲ್ಲಿಸಿದೆ.
ಕಲ್ಲಿನಂತಿಳಿಯದೆ, ಬೆಂಡಿನಂತೇಳದೆ
ಸ್ಕೂಟರ್ ಪಕ್ಕದಲ್ಲೇ ನಿಂತಿತು.
ಓಡಲೆಂದೇ ಕೊಂಡದ್ದು.
ಗುಂಡಿಯ ಮೇಲೆ ಎಡಗೈ ಇತ್ತು,
ಒತ್ತಲಿಲ್ಲ.